ಟೈರು ಮೊದಲು, ಲಿಫ್ಟ್ ಕಿಟ್ ಆಮೇಲೆ

ಕಾಂಪ್ಯಾಕ್ಟ್ ಎಸ್‌ಯುವಿಯನ್ನು ಎತ್ತರಿಸಲು ಹೊರಟವರಲ್ಲಿ ಅನೇಕರು ಮೊದಲು ಲಿಫ್ಟ್ ಕಿಟ್, ಅಂದರೆ ಬಾಡಿಯನ್ನು ಚಕ್ರಗಳಿಂದ ಮೇಲೆತ್ತುವ ಬಿಡಿಭಾಗಗಳ ಸೆಟ್, ತರಿಸುತ್ತಾರೆ. ಅದನ್ನು ಕೂರಿಸಿಯಾದ ಮೇಲೆ, ಸಿಕ್ಕಿದ ಜಾಗದಲ್ಲಿ ಎಷ್ಟು ದೊಡ್ಡ ಟೈರು ಹಿಡಿಸುತ್ತದೆ ಎಂದು ನೋಡುತ್ತಾರೆ. ನನ್ನ ಗಾಡಿಗೆ ಈ ಎರಡೂ ಕೆಲಸ ಮಾಡಿಸುವ ಮುನ್ನ ಲೆಕ್ಕ ಹಾಕಿ, ಗಾಡಿಯಡಿ ಮಲಗಿ ಅಳೆದು ನಾನು ಕಂಡುಕೊಂಡ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು. ಬೇಕಾದ ಟೈರು ಯಾವುದೆಂದು ಮೊದಲು ತೀರ್ಮಾನವಾಗಬೇಕು. ಆ ಟೈರು ಸಲೀಸಾಗಿ ತಿರುಗಲು ಎಷ್ಟು ಬೇಕೋ ಅಷ್ಟು ಮಾತ್ರ ಗಾಡಿ ಮೇಲೇಳಬೇಕು.

ಲಿಫ್ಟ್ ಕಿಟ್ ಎತ್ತುವುದು ಬಾಡಿಯನ್ನು ಮತ್ತು ಬಾಡಿಗೆ ಬಿಗಿದಿರುವ ಎಂಜಿನ್, ಅದನ್ನು ಹೊತ್ತ ಸಬ್‌ಫ್ರೇಮ್ ಮುಂತಾದವನ್ನು ಮಾತ್ರ. ಚಕ್ರದ ಜೊತೆಗೇ ಏರಿಳಿಯುವ ಲೋವರ್ ಆರ್ಮ್‌ನ (ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು) ಹೊರತುದಿ, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್‌ನ ಚಕ್ರದ ಕಡೆಯ ತುದಿಗಳು ಇವೆಲ್ಲ ನೆಲದಿಂದ ಮೊದಲಿದ್ದಷ್ಟೇ ಎತ್ತರದಲ್ಲಿ ಉಳಿಯುತ್ತವೆ. ಅವುಗಳನ್ನು ಮೇಲೆತ್ತಬಲ್ಲದ್ದು ಟೈರು ಒಂದೇ. ಹಾಗೆಂದು ಲಿಫ್ಟ್‌ನಿಂದ ಉಪಯೋಗವಿಲ್ಲ ಎಂದಲ್ಲ. ಎರಡು ಆಕ್ಸಲ್‌ಗಳ ನಡುವೆ 2,600 ಮಿ.ಮೀ. ಅಂತರವೂ 200 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸೂ ಇರುವ ಗಾಡಿ, ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗಿಸದೆ ದಾಟಬಲ್ಲ ಕೋನ ಸರಳ ಲೆಕ್ಕದಲ್ಲಿ ಸುಮಾರು 17.5 ಡಿಗ್ರಿ, ಬಾಡಿಯನ್ನು 40 ಮಿ.ಮೀ. ಎತ್ತಿದರೆ ಅದು ಹತ್ತಿರಹತ್ತಿರ 21 ಡಿಗ್ರಿಯಾಗುತ್ತದೆ. ಕಲ್ಲು, ಕೊರಕಲುಗಳ ದಾರಿಯಲ್ಲಿ ಇದು ದೊಡ್ಡ ವ್ಯತ್ಯಾಸ.

ಟೈರಿನ ಲೆಕ್ಕವನ್ನು ಯಾರಾದರೂ ಮಾಡಬಹುದು. 215/65 ಆರ್16 ಎಂದರೆ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ಮಿನ ವ್ಯಾಸ 16 ಇಂಚು. ಒಟ್ಟು ವ್ಯಾಸ ಸುಮಾರು 686 ಮಿ.ಮೀ. ಅದೇ ರಿಮ್ಮಿಗೆ 215/70 ಹಾಕಿದರೆ 707 ಮಿ.ಮೀ., 235/70 ಹಾಕಿದರೆ 735 ಮಿ.ಮೀ. ಆಗುತ್ತದೆ. ಹೆಚ್ಚಾದ ವ್ಯಾಸದ ಅರ್ಧ ಮಾತ್ರ ನೆಲದಿಂದ ಎತ್ತರವಾಗಿ ಸಿಗುವುದರಿಂದ, ಮೊದಲನೆಯದರಿಂದ ಸಿಗುವ ಲಾಭ ಹನ್ನೊಂದು ಮಿ.ಮೀ. ಆಸುಪಾಸಿನದು, ಎರಡನೆಯದರಿಂದ ಇಪ್ಪತ್ತೈದು. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಮೊದಲನೆಯದರಲ್ಲಿ 103, ಎರಡನೆಯದರಲ್ಲಿ 107ರಷ್ಟು ಏರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಸ್ಪೀಡೋಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲವಾದ್ದರಿಂದ ತಯಾರಕರು ಅದು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಶೇ. 3ರ ವ್ಯತ್ಯಾಸ ಬಹುಮಟ್ಟಿಗೆ ಅದರಲ್ಲೇ ಕರಗಬಹುದು, ಆದರೆ ಶೇ. 7 ಕರಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಇನ್ನು ನಾನು ಅತಿ ಹೆಚ್ಚು ಹೊತ್ತು ಕಳೆದ ಜಾಗಕ್ಕೆ ಬರುತ್ತೇನೆ. ಈ ವರ್ಗದ ಬಹುಪಾಲು ಗಾಡಿಗಳ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಕಂಬ, ಇರುತ್ತದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟಾರ್ಚ್ ಹಿಡಿದು ಟೈರಿನ ಒಳಭುಜವನ್ನು ನೋಡಿದರೆ, ಅದರ ನೆತ್ತಿಯ ಹತ್ತಿರವೇ ಸ್ಪ್ರಿಂಗ್ ಕೂತಿರುವ ತಟ್ಟೆಯ ಅಂಚು ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಇವೆರಡರ ನಡುವೆ ಒಂದು ಬೆರಳೂ ಸಲೀಸಾಗಿ ತೂರುವುದಿಲ್ಲ. ಸ್ಟ್ರಟ್ಟಿನ ಕೆಳತುದಿಯನ್ನು ಚಕ್ರವನ್ನು ಹಿಡಿದಿರುವ ನಕಲ್ ಎಂಬ ಭಾಗಕ್ಕೆ ಬೋಲ್ಟ್ ಹಾಕಿ ಬಿಗಿದಿರುವುದರಿಂದ ಆ ತಟ್ಟೆ ಚಕ್ರದೊಂದಿಗೇ ಏರುತ್ತದೆ, ಚಕ್ರದೊಂದಿಗೇ ಇಳಿಯುತ್ತದೆ. ಸ್ಟ್ರಟ್ಟಿನ ತಲೆಯ ಮೇಲೆ ಎಷ್ಟು ದಪ್ಪದ ಸ್ಪೇಸರ್ (ಎತ್ತರಿಸಲು ಇಡುವ ಬಿಲ್ಲೆ) ಇಟ್ಟರೂ ಟೈರಿಗೂ ತಟ್ಟೆಗೂ ಇರುವ ಅಂತರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಲಿಫ್ಟ್ ಹಾಕಿದರೆ ಯಾವ ಟೈರಾದರೂ ಹಿಡಿಸುತ್ತದೆ ಎಂಬ ಮಾತು ಇಲ್ಲಿ ಸೋಲುತ್ತದೆ. ಈ ಅಂತರವನ್ನು ಅಳೆಯಲು ನಾನು ಮೆದುವಾದ ಜೇಡಿಮಣ್ಣಿನ ಉಂಡೆಯನ್ನು ಅಲ್ಲಿ ಒತ್ತಿ, ಹೊರತೆಗೆದು ಅದರ ದಪ್ಪ ನೋಡಿದೆ. ಹೊಸ ಟೈರಿನ ತ್ರಿಜ್ಯ ಎಷ್ಟು ಹೆಚ್ಚುತ್ತದೋ ಅದನ್ನು ಕಳೆದ ಮೇಲೂ ಕೆಲವು ಮಿ.ಮೀ. ಉಳಿಯಬೇಕು, ಏಕೆಂದರೆ ತಿರುವಿನಲ್ಲಿ ಟೈರು ಬಾಗುತ್ತದೆ, ಮೇಲೆ ಕೆಸರೂ ಮೆತ್ತಿಕೊಳ್ಳುತ್ತದೆ. ಅಂತರ ಸಾಲದಿದ್ದರೆ ಚಕ್ರವನ್ನು ಹೊರಗೆ ತಳ್ಳುವ ರಿಮ್ಮುಗಳುಂಟು. ಆದರೆ ಹಾಗೆ ಹೊರಬಂದ ಚಕ್ರ ತಿರುಗುವಾಗ ಬಂಪರಿನ ತುದಿಗೋ ಹಿಂಬದಿಯ ಲೈನರಿಗೋ (ಚಕ್ರದ ಗೂಡಿನ ಒಳಹೊದಿಕೆ) ತಾಗುತ್ತದೆ, ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ.

ಲಿಫ್ಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಪೇಸರ್ ಇಡೀ ಸ್ಟ್ರಟ್ಟನ್ನು ಕೆಳಗೆ ತಳ್ಳುವುದರಿಂದ ಚಕ್ರ ಮೊದಲಿಗಿಂತ ಇನ್ನೂ ಕೆಳಕ್ಕೆ ಜೋಲುತ್ತದೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಕೋನ ಎಲ್ಲಕ್ಕಿಂತ ಕಡಿದಾಗುವ ಘಳಿಗೆ ಅದೇ. ಉದ್ದನೆಯ ಅಥವಾ ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಸ್ಟ್ರಟ್ಟಿನ ಎರಡು ಮಿತಿಗಳೂ ಬದಲಾಗುವುದಿಲ್ಲ. ಚಕ್ರಕ್ಕೆ ಮೇಲೆ ಏರುವ ಜಾಗ ಹೆಚ್ಚುತ್ತದೆ, ಕೆಳಗೆ ಇಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತದೆ. ನನಗೆ ಎರಡನೆಯದೇ ಮೇಲು ಎನಿಸುತ್ತದೆ, ಅದು ದುಬಾರಿಯಾದರೂ ಆ ಶಾಫ್ಟ್‌ನ ತುದಿಯ ಬಾಗುವ ಕೀಲಾದ ಸಿವಿ ಜಾಯಿಂಟಿನ ಮೇಲೆ ಅದಕ್ಕೆ ಹೆಚ್ಚು ಕರುಣೆಯಿದೆ. ಯಾವುದೇ ಬಗೆಯಾದರೂ ಇಂಥ ಗಾಡಿಗಳಿಗೆ 40ರಿಂದ 50 ಮಿ.ಮೀ. ದಾಟುವುದು ವಿವೇಕವಲ್ಲ. ಅದರಾಚೆಗೆ ಜಾಯಿಂಟಿನ ರಬ್ಬರ್ ಬೂಟು ಮಡಿಕೆಗಳಲ್ಲಿ ಉಜ್ಜಿ ಹರಿಯುತ್ತದೆ, ಗ್ರೀಸ್ ಹೊರಗೆ ಚೆಲ್ಲುತ್ತದೆ, ಆಕ್ಸಿಲರೇಟರ್ ಒತ್ತಿದಾಗ ನಡುಕ ಶುರುವಾಗುತ್ತದೆ.

ಕೆಲಸ ಮಾಡಿಸುವಾಗ ಮೆಕ್ಯಾನಿಕ್ ಬಳಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನು ಗಾಡಿ ಜ್ಯಾಕ್ ಮೇಲೆ ನೇತಾಡುತ್ತಿರುವಾಗ ಬಿಗಿಯಬಾರದು, ಹಳೆಯ ಬಿಗಿತದಲ್ಲೇ ಬಿಡಲೂಬಾರದು. ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದು ಹೊಸ ಎತ್ತರದಲ್ಲಿ ನಿಂತ ಮೇಲೆ ಮತ್ತೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಚಕ್ರ ಪೂರ್ತಿ ಜೋತಾಗಲೂ ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿದಾಗಲೂ ಎಳೆದಂತಾಗಬಾರದು. ವೀಲ್ ಅಲೈನ್‌ಮೆಂಟ್ ಅಂತೂ ಬಿಡುವಂತಿಲ್ಲ. ಸ್ಪ್ರಿಂಗುಗಳು ಸ್ವಲ್ಪ ಓಡಿ ಕುಳಿತ ಮೇಲೆ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಹೆಡ್‌ಲೈಟನ್ನು ತಗ್ಗಿಸಬೇಕು, ಮುಂಗಾಜಿನ ಹಿಂದೆ ಕ್ಯಾಮೆರಾ ಇದ್ದರೆ ಅದನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕು. ಇಂಥ ಬದಲಾವಣೆಯ ಬಗ್ಗೆ ಆಯಾ ದೇಶದ ಕಾನೂನನ್ನೂ ವಿಮೆಯ ಷರತ್ತನ್ನೂ ಮೊದಲೇ ಓದಿಕೊಳ್ಳಬೇಕು.

ಓಡಿಸುವಾಗಿನ ವ್ಯತ್ಯಾಸ ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. ದೊಡ್ಡ ಟೈರು ಗೇರ್ ಅನುಪಾತವನ್ನೇ ಬದಲಿಸಿದಂತೆ ವರ್ತಿಸುತ್ತದೆ: ವ್ಯಾಸ ಶೇ. 7 ಹೆಚ್ಚಿದರೆ ಅದೇ ಎಂಜಿನ್ ನೆಲಕ್ಕೆ ಮುಟ್ಟಿಸುವ ಬಲ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಅದೇ ಒತ್ತಡಕ್ಕೆ ಬ್ರೇಕಿನ ಹಿಡಿತವೂ ಅಷ್ಟೇ ಕುಗ್ಗುತ್ತದೆ. ಎಲ್ಲ ಬಗೆಯ ನೆಲಕ್ಕೂ ಮಾಡಿದ ಆಲ್ ಟೆರೇನ್ ಟೈರಿನ ಹೆಚ್ಚುವರಿ ತೂಕ ಇದರ ಮೇಲೆ ಸೇರುತ್ತದೆ. ಉರುಳುವ ಅಪಾಯವನ್ನು ಅಂದಾಜಿಸುವ ಸೂತ್ರದಲ್ಲಿ ಚಕ್ರಗಳ ನಡುವಿನ ಅಡ್ಡ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುತ್ತಾರೆ. ಅಂತರ 1,550 ಮಿ.ಮೀ., ಎತ್ತರ 650 ಮಿ.ಮೀ. ಎಂದಿಟ್ಟುಕೊಂಡರೆ ಭಾಗಲಬ್ಧ 1.19, ಗುರುತ್ವ ಕೇಂದ್ರ 40 ಮಿ.ಮೀ. ಮೇಲೇರಿದರೆ 1.12. ಈ ಸಂಖ್ಯೆ ಕಡಿಮೆಯಾದಷ್ಟೂ ಗಾಡಿ ಉರುಳುವುದು ಸುಲಭ. ತಿರುವಿಗೆ ಮುಂಚೆಯೇ ವೇಗ ಇಳಿಸುವ ಅಭ್ಯಾಸ ಮಾಡಿಕೊಳ್ಳದವರು ಲಿಫ್ಟ್ ಹಾಕಿಸಬಾರದು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಎಲ್ಲ ಕೂರಿಸಿದ ಮೇಲೆ ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಒಂದು ಮುಂಚಕ್ರವನ್ನು ದಿಮ್ಮಿಯ ಮೇಲೇರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದೆ. ಲೈನರಿನ ಮೇಲೆ ಬಿಳಿ ಗೀರು ಬಿದ್ದ ಕಡೆ ಟೈರು ತಾಗಿದೆ ಎಂದು ತಿಳಿಯುತ್ತದೆ. ಸಮತಟ್ಟಾದ ನೆಲದ ಮೇಲೆ ಮಾತ್ರ ಪರೀಕ್ಷಿಸಿದರೆ ಇದು ಕಾಣಿಸುವುದೇ ಇಲ್ಲ.

ಕೊನೆಯದಾಗಿ ಸ್ಟೆಪ್ನಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಗಾಡಿಯಲ್ಲಿ ಒಂದು ಟೈರಿನ ವ್ಯಾಸ ಬೇರೆಯಾದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಿ, ನಡುವಿನ ಕಪ್ಲಿಂಗ್ ಬಿಸಿಯಾಗಿ ಕೆಡಬಹುದು. ಆದ್ದರಿಂದ ಐದನೆಯ ಟೈರೂ ಅದೇ ಅಳತೆಯದಾಗಿರಬೇಕು, ಡಿಕ್ಕಿಯ ಕೆಳಗಿನ ಗುಂಡಿಯಲ್ಲಿ ಮುಚ್ಚಳ ಮುಚ್ಚುವಂತೆ ಕೂರಬೇಕು. 235/70 ಅನ್ನು ನಾನು ಕೈಬಿಟ್ಟು 215/70ಕ್ಕೆ ನಿಂತದ್ದಕ್ಕೆ ಸ್ಪ್ರಿಂಗ್ ತಟ್ಟೆ ಎಷ್ಟು ಕಾರಣವೋ ಆ ಗುಂಡಿಯೂ ಅಷ್ಟೇ ಕಾರಣ.