ಕಾಫಿ ಊರಲ್ಲಿ ಚೆರಿ ಕೋಲಾ ಮಾಡಲು ಹೋಗಿ

ಚಿಕ್ಕಮಗಳೂರಿನಲ್ಲಿ ಚೆರಿ ಅಂದರೆ ಕೆಂಪು ಹಣ್ಣು ಯಾರಿಗೂ ನೆನಪಾಗುವುದಿಲ್ಲ. ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ ಇಲ್ಲಿ ಚೆರಿ ಅನ್ನುತ್ತಾರೆ. 50 ಕೆಜಿ ಮೂಟೆ ಲೆಕ್ಕದಲ್ಲಿ ರೇಟು. ಹಾಗಾಗಿ ನಾನು ಕೆಲಸ ಮಾಡುವ ಹೋಂಸ್ಟೇಯಲ್ಲಿ "ಅಕ್ಕ, ಅರ್ಧ ಕೆಜಿ ಚೆರಿ ತರಿಸಬೇಕು" ಅಂದಾಗ ಓನರ್ ಅಕ್ಕ "ಅರ್ಧ ಕೆಜಿನಾ? ಅರೇಬಿಕಾನೋ ರೋಬಸ್ಟಾನೋ?" ಅಂತ ಕೇಳಿದ್ದು ತಮಾಷೆಗಲ್ಲ.

ಮೇ ರಜೆಗೆ ಬಂದಿದ್ದ ಗೆಸ್ಟ್ ಒಬ್ಬರ ಮಗಳು ಚೆರಿ ಕೋಲಾ ಕೇಳಿದ್ದಳು. ನಾನು ಅಡುಗೆಮನೆ ನೋಡಿಕೊಳ್ಳುವವನು. ಅಕ್ಕಿರೊಟ್ಟಿ, ಕಡುಬು, ಪತ್ರೊಡೆ ಕಣ್ಣು ಮುಚ್ಚಿ ಮಾಡುತ್ತೇನೆ. ಕೋಲಾದಲ್ಲಿ ಏನು ಮಹಾ, ಅಲ್ವಾ?

ಮೊದಲು ಬೇಕರಿಯಿಂದ ಡಬ್ಬಿ ಚೆರಿ ತಂದೆ. ಆಮೇಲೆ ಗೊತ್ತಾಯಿತು, ಆ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ನಮ್ಮ ಕವಳಿ ಹಣ್ಣೇ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಕೇಕ್ ಮೇಲೆ ಚೆಂದ. ಕೋಲಾಕ್ಕೆ ಹಾಕಿದರೆ ಬರೀ ಸಿಹಿ. ಕಾಶ್ಮೀರ, ಹಿಮಾಚಲದ ಚೆರಿ ಮೇ, ಜೂನ್‌ನಲ್ಲಿ ಮಾರ್ಕೆಟ್ಟಿಗೆ ಬರುತ್ತದೆ. ಸದ್ಯ, ಬೆಂಗಳೂರಿನಿಂದ ಬರುತ್ತಿದ್ದ ಇನ್ನೊಬ್ಬ ಗೆಸ್ಟ್ ಮಾರನೇ ದಿನ ಅರ್ಧ ಕೆಜಿ ತಂದುಕೊಟ್ಟರು.

ಸ್ಟೀಲ್ ಸ್ಟ್ರಾ ಚುಚ್ಚಿದರೆ ಬೀಜ ಟಕ್ ಅಂತ ಹೊರಗೆ ಬೀಳುತ್ತದೆ. ಸೋಮಾರಿತನಕ್ಕೆ ಬೀಜ ಸಮೇತ ಮಿಕ್ಸಿಗೆ ಹಾಕಬೇಡಿ. ಒಡೆದ ಬೀಜದೊಳಗಿನ ಅಂಶ ಹೊಟ್ಟೆಗೆ ಹೋದರೆ ಸಯನೈಡ್ ಆಗುತ್ತದೆ. 500 ಗ್ರಾಂ ಹಣ್ಣಿಗೆ 200 ಗ್ರಾಂ ಸಕ್ಕರೆ ಬೆರೆಸಿ ಒಂದು ಗಂಟೆ ಇಟ್ಟೆ. ಹಣ್ಣೇ ರಸ ಬಿಟ್ಟಿತು. ಅರ್ಧ ಲೋಟ ನೀರು, ಬೆರಳಿನ ಒಂದು ಗೆಣ್ಣಿನಷ್ಟು ಚಕ್ಕೆ, ಒಂದು ಚೂರು ಕಿತ್ತಳೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿದೆ. ಕೋಲಾದ ಘಮದಲ್ಲೂ ಚಕ್ಕೆ, ಕಿತ್ತಳೆ, ನಿಂಬೆಯ ವಾಸನೆ ಇರುವುದರಿಂದ ಇವು ಅದಕ್ಕೆ ಚೆನ್ನಾಗಿ ಹೊಂದುತ್ತವೆ.

ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದೆ. ಅದ್ಭುತ! ಇಲ್ಲೇ ಎಡವಿದ್ದು. ಸೋಸಿ, ಇನ್ನೂ ಬಿಸಿ ಇರುವಾಗಲೇ ಲೋಟಕ್ಕೆ ಹಾಕಿ ಮೇಲಿಂದ ಕೋಲಾ ಸುರಿದೆ. ನೊರೆ ಉಕ್ಕಿ ಟೇಬಲ್ ತುಂಬಾ ಹರಿಯಿತು. ಲೋಟದಲ್ಲಿ ಉಳಿದದ್ದರಲ್ಲಿ ಗ್ಯಾಸೇ ಇಲ್ಲ. ಐಸ್ ಹಾಕಿ ಕೊಟ್ಟೆ. ಹುಡುಗಿ ಒಂದು ಗುಟುಕು ಕುಡಿದು, "ಅಂಕಲ್, ಚೆರಿ ಎಲ್ಲಿದೆ?" ಅಂದಳು. ಅಕ್ಕ ರುಚಿ ನೋಡಿ, "ಕೆಮ್ಮಿನ ಔಷಧಿ ಆಯ್ತಲ್ಲ ಮಾರಾಯ" ಅಂದರು.

ರಾತ್ರಿ ಪಾತ್ರೆ ತೊಳೆಯುವಾಗ ತಲೆಗೆ ಹೊಳೆಯಿತು. ನಾನು ರುಚಿ ನೋಡಿದ್ದು ಬಿಸಿ ಸಿರಪ್ಪನ್ನು. ಅವಳು ಕುಡಿದದ್ದು ಐಸ್ ಹಾಕಿದ ಕೋಲಾವನ್ನು. ತಣ್ಣಗಾದಾಗ ಘಮ ಅಷ್ಟಾಗಿ ಮೇಲೇಳುವುದಿಲ್ಲ. ಜೊತೆಗೆ ಕೋಲಾದಲ್ಲಿ 100 ಎಂಎಲ್‌ಗೆ ಸುಮಾರು 10 ಗ್ರಾಂ ಸಕ್ಕರೆ ಮೊದಲೇ ಇರುತ್ತದೆ. ಅದರ ಮೇಲೆ ನನ್ನ ಸಿಹಿ ಬೇರೆ. ಹಣ್ಣು ಅದರಡಿ ಮುಳುಗಿಹೋಗಿತ್ತು. ಬೇಕಿದ್ದದ್ದು ಹುಳಿ.

ಉಳಿದಿದ್ದ ಸಿರಪ್‌ಗೆ ಎರಡು ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು, ಎರಡು ಹನಿ ವೆನಿಲ್ಲಾ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬಾದಾಮಿ ಎಸೆನ್ಸ್ ಒಂದೇ ಹನಿ. ಚೆರಿಯ ಘಮ, ಬಾದಾಮಿ ಎಸೆನ್ಸಿನ ಘಮ ಎರಡಕ್ಕೂ ಮೂಲ ಬೆಂಜಾಲ್ಡಿಹೈಡ್ ಅನ್ನುವ ಒಂದೇ ವಸ್ತು. ಮೂರು ಹನಿ ಹಾಕಿದರೆ ಬಾದಾಮಿ ಹಾಲು ಕುಡಿದ ಹಾಗಾಗುತ್ತದೆ, ಹುಷಾರು.

ಬೆಳಿಗ್ಗೆ ಅವರು ಹೊರಡುವ ಗಡಿಬಿಡಿ. ಲೋಟದ ತಳಕ್ಕೆ ಎರಡು ದೊಡ್ಡ ಚಮಚ ಸಿರಪ್, ಮೇಲೆ ಐಸ್. ಆಮೇಲೆ ಅರ್ಧ ಕೋಲಾ, ಅರ್ಧ ಸಾದಾ ಸೋಡಾ. ಎರಡೂ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು, ತಣ್ಣಗಿದ್ದಷ್ಟೂ ಗ್ಯಾಸ್ ನಿಲ್ಲುತ್ತದೆ. ಲೋಟ ವಾಲಿಸಿ ಗೋಡೆಗುಂಟ ಇಳಿಸಿದೆ. ಚಮಚದಿಂದ ತಳದ ಸಿರಪ್ಪನ್ನು ಒಂದೇ ಸಲ ಮೇಲಕ್ಕೆತ್ತಿ ಬಿಟ್ಟೆ, ಕಲಕಲಿಲ್ಲ. ಕೊಡುವ ಮೊದಲು ಇನ್ನೊಂದು ಪುಟ್ಟ ಲೋಟದಲ್ಲಿ ಹಾಗೆಯೇ ಮಾಡಿ ನಾನು ಕುಡಿದು ನೋಡಿದೆ. ಈಗ ಪಾನಕ, ಕೋಕಂ ಏನೇ ಇರಲಿ, ಆ ಪುಟ್ಟ ಲೋಟ ಒಲೆ ಪಕ್ಕದಲ್ಲೇ ಇರುತ್ತದೆ.

ಹುಡುಗಿ ಕಾರಿನ ಬಾಗಿಲು ಹಿಡಿದುಕೊಂಡೇ ಪೂರ್ತಿ ಕುಡಿದು, ಖಾಲಿ ಲೋಟ ಚಾಚಿದಳು. ಅವರಪ್ಪ ಹಾರ್ನ್ ಹೊಡೆಯುತ್ತಿದ್ದರು.

ಸೋಸಿ ಉಳಿದ ಚೆರಿಯನ್ನು ಅಕ್ಕ ನೀರುದೋಸೆ ಜೊತೆ ಹಾಕಿಕೊಂಡರು. ಎರಡನೇ ದೋಸೆಗೂ ಬಡಿಸಿಕೊಂಡು ಕೇಳಿದರು: "ಇದು ಮೂಟೆಗೆ ಎಷ್ಟಂತೆ?"