ಮಿಲ್ಟನ್ ಮೇಷ್ಟ್ರು ಮತ್ತು ಒಂದು ಡೆಮೊ ಕ್ಯಾಸೆಟ್

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಪ್ಯಾರಡೈಸ್ ಲಾಸ್ಟ್ ಎಂಬ ಮೆಟಲ್ (ಭಾರೀ ಗಿಟಾರಿನ ರಾಕ್) ಬ್ಯಾಂಡಿನ ಹಳೆಯ ಡೆಮೊಗಳನ್ನು, ಅಂದರೆ ಆಲ್ಬಂಗೆ ಮೊದಲು ಮಾಡಿದ ಕಚ್ಚಾ ಧ್ವನಿಮುದ್ರಣಗಳನ್ನು, ಹಾಕಿಕೊಂಡು ಕೂತೆ. ಬಿ.ಎ.ಯಲ್ಲಿ ಓದಿದ್ದು ಮುಕ್ಕಾಲು ಪಾಲು ಮರೆತಿದೆ. 'ಪ್ಯಾರಡೈಸ್ ಲಾಸ್ಟ್' ಕಾವ್ಯ ಬರೆದ ಇಂಗ್ಲಿಷ್ ಕವಿ ಮಿಲ್ಟನ್ ಮರೆತಿಲ್ಲ. ಅದಕ್ಕೆ ಮೇಷ್ಟ್ರು ಎಷ್ಟು ಕಾರಣವೋ, ಆತನ ಕಾವ್ಯದ ಹೆಸರನ್ನೇ ಇಟ್ಟುಕೊಂಡ ಹ್ಯಾಲಿಫ್ಯಾಕ್ಸಿನ ಆ ಹುಡುಗರೂ ಅಷ್ಟೇ ಕಾರಣ.

ಬ್ಯಾಂಡ್ ಶುರುವಾಗಿದ್ದು 1988ರಲ್ಲಿ, ಉತ್ತರ ಇಂಗ್ಲೆಂಡಿನಲ್ಲಿ. 1989ರ 'ಫ್ರೋಜನ್ ಇಲ್ಯೂಶನ್' ಡೆಮೊ ನನ್ನ ಹಾಸ್ಟೆಲ್ ಗೆಳೆಯನ ಅಣ್ಣನ ಕೈಯಿಂದ ನಮಗೆ ಬಂತು. ಕಾಪಿಯಿಂದ ತೆಗೆದ ಕಾಪಿ. ಲೇಬಲ್ ಮೇಲೆ ನೀಲಿ ಬಾಲ್‌ಪೆನ್ನಿನ ಅಕ್ಷರ. ಒಳಗೆ ಮೊದಲು ಬರೀ ಸುಯ್ಯೆನ್ನುವ ಸದ್ದು, ಆಮೇಲೆ ಕೆಳಸ್ಥಾಯಿಯ ಗಿಟಾರ್, ಗಂಟಲಾಳದ ಗರ್ಜನೆ. ಎಲ್ಲರೂ ವೇಗಕ್ಕೆ ಬಿದ್ದಿದ್ದ ಕಾಲದಲ್ಲಿ ಇವರು ನಿಧಾನಕ್ಕೆ ಇಳಿಯುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಅದರ ಬೆಲೆ ಗೊತ್ತಿದ್ದವರು ನಾವಿಬ್ಬರೇ.

ಮೇಷ್ಟ್ರು ಪದ್ಯ ಕೇಳಿಸೋಕೆ ತರುತ್ತಿದ್ದ ಟೇಪ್ ರೆಕಾರ್ಡರಿಗೆ ಒಂದು ದಿನ ಈ ಕ್ಯಾಸೆಟ್ ಹಾಕಿಟ್ಟೆವು. ಅವರು ಗುಂಡಿ ಒತ್ತಿದರು. ಕ್ಲಾಸು ಬೆಚ್ಚಿಬಿತ್ತು. ಮೇಷ್ಟ್ರು ನಿಲ್ಲಿಸಲಿಲ್ಲ. ಕನ್ನಡಕ ತೆಗೆದು, ಕುರ್ಚಿ ಎಳೆದುಕೊಂಡು, ಹಾಡು ಮುಗಿಯುವ ತನಕ ಕೇಳಿದರು.

"ಯಾರಪ್ಪ ಇವರು?"

"ಪ್ಯಾರಡೈಸ್ ಲಾಸ್ಟ್ ಅಂತ, ಸರ್. ನಮ್ಮ ವಯಸ್ಸಿನವರೇ."

"ಹಾಗಾದ್ರೆ ಮೊದಲನೇ ಪುಸ್ತಕ ತೆಗೀರಿ."

ಉರಿಯಿದ್ದೂ ಬೆಳಕಿಲ್ಲದ, ಕತ್ತಲೆಯೇ ಕಣ್ಣಿಗೆ ಕಾಣುವ ಮಿಲ್ಟನ್ ಕಾವ್ಯದ ಆ ನರಕದ ವರ್ಣನೆಯನ್ನು ಅವತ್ತು ಮೇಷ್ಟ್ರು ಓದಿದಂತೆ ಮತ್ತೆ ಯಾರೂ ಓದಿದ್ದನ್ನು ನಾನು ಕೇಳಿಲ್ಲ. ಒಂದೊಂದು ಸಾಲಿಗೂ ನಿಲ್ಲುತ್ತಾ, ಆ ಗಿಟಾರಿನಷ್ಟೇ ನಿಧಾನವಾಗಿ ಓದಿದರು.

ಡೆಮೊದ ಹಾಡುಗಳು ಮುಂದೆ 1990ರ ಮೊದಲ ಆಲ್ಬಂನಲ್ಲೂ ಬಂದವು. ಮರುವರ್ಷದ 'ಗಾಥಿಕ್'ನಲ್ಲಿ ಹೆಣ್ಣುದನಿ, ಆರ್ಕೆಸ್ಟ್ರಾ ಎಲ್ಲ ಸೇರಿ ಬ್ಯಾಂಡ್ ದೊಡ್ಡದಾಯಿತು. ನನಗೆ ಮಾತ್ರ ಆ ಒರಟು ಡೆಮೊಗಳೇ ಜಾಸ್ತಿ ಇಷ್ಟ. 2009ರಲ್ಲಿ ಪೀಸ್‌ವಿಲ್ ಎಂಬ ರೆಕಾರ್ಡ್ ಕಂಪನಿ ಆ ಹಳೆಯ ಡೆಮೊಗಳನ್ನು 'ಡ್ರೌನ್ ಇನ್ ಡಾರ್ಕ್‌ನೆಸ್' ಅಂತ ಒಟ್ಟಾಗಿ ಸಿಡಿಯಲ್ಲಿ ತಂದಿತು. ಇವತ್ತು ಸಂಗೀತದ ಬಗ್ಗೆ ನಾನು ಬರೆದದ್ದನ್ನು ಜನ ಹುಡುಕಿ ಓದುತ್ತಾರೆ. ಆ ಕಿವಿ ಕೊಟ್ಟವರು ಮೇಷ್ಟ್ರು.

ಈಗಿನ ಕ್ಲಾಸುಗಳಲ್ಲಿ ಸ್ಲೈಡು ಓಡುತ್ತದೆ, ಪೋರ್ಷನ್ ಮುಗಿಯುತ್ತದೆ. ಇಂಥದ್ದಕ್ಕೆ ಬಿಡುವೆಲ್ಲಿದೆ ಹೇಳಿ? ಹಳೆಯ ವಿದ್ಯಾರ್ಥಿಗಳ ಮುಂದಿನ ಸಮ್ಮಿಲನಕ್ಕೆ ಆ ಸಿಡಿ ತರುತ್ತೇನೆ. ಕಾಲೇಜಿನಲ್ಲಿ ಯಾರಾದರೂ ಬ್ಯಾಂಡ್ ಕಟ್ಟಿದ್ದರೆ ನಿಮ್ಮ ಡೆಮೊ ತನ್ನಿ. ಎಷ್ಟೇ ಒರಟಾಗಿರಲಿ, ಪೂರ್ತಿ ಕೇಳುತ್ತೇನೆ.