ಸಿರ್ತಾ ಸಭೆಯ ಉಗ್ರಾಣದಲ್ಲಿ ಸಿಕ್ಕಿದ್ದು

"ನಾವು ಆದಿ ಸಭೆಯ ಹಾಗೆ ಆಗಬೇಕು", ಅಂದರೆ ಯೇಸುವಿನ ನಂತರದ ಮೊದಲ ಕ್ರೈಸ್ತರ ಹಾಗೆ, ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಭಾನುವಾರದ ಪ್ರಸಂಗದಲ್ಲಿ, ಯುವಜನರ ಕೂಟದಲ್ಲಿ, ಉಜ್ಜೀವನ ಕೂಟಗಳಲ್ಲಂತೂ ತಪ್ಪದೇ ಬರುತ್ತದೆ. ಹಾಗೆ ಹೇಳುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮದ ದಿನ: ಅನ್ಯಭಾಷೆ, ಅದ್ಭುತಗಳು, ಒಂದೇ ದಿನ ಮೂರು ಸಾವಿರ ಜನಕ್ಕೆ ದೀಕ್ಷಾಸ್ನಾನ. ಅದು ನಮ್ಮ ನಂಬಿಕೆಯ ಭಾಗವೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳ ಅದೇ ಎರಡನೇ ಅಧ್ಯಾಯದ ಕೊನೆಯಲ್ಲಿ ಆಸ್ತಿಪಾಸ್ತಿ ಮಾರಿ ಇಲ್ಲದವರಿಗೆ ಹಂಚಿದವರ ವಿಷಯ ಬರುತ್ತದೆ, ಮನೆಮನೆಯಲ್ಲಿ ಕೂತು ಒಟ್ಟಿಗೆ ಊಟ ಮಾಡಿದವರ ವಿಷಯ ಬರುತ್ತದೆ. ಅಲ್ಲಿಗೆ ಬಂದಾಗ ನಾವು ಸ್ವಲ್ಪ ಬೇಗ ಓದಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ?

ಆದಿ ಸಭೆಯಿಂದ ಕಲಿಯಬೇಕು ಅಂದರೆ ಮೊದಲು ಅವರ ಲೆಕ್ಕ ನೋಡಬೇಕು ಅನ್ನುವವನು ನಾನು. ಹಣ ಎಲ್ಲಿಂದ ಬಂತು, ಯಾರಿಗೆ ಹೋಯಿತು, ಊಟಕ್ಕೆ ಯಾರು ಕೂತರು, ಯಾರು ಹೊರಗೆ ನಿಂತರು. ಒಳ್ಳೆಯ ವಿಷಯ ಏನೆಂದರೆ ಇದಕ್ಕೆಲ್ಲ ದಾಖಲೆ ಇದೆ.

ನನಗೆ ತುಂಬಾ ಇಷ್ಟವಾದ ದಾಖಲೆ ಒಂದು ಜಪ್ತಿ ಪಟ್ಟಿ. ಕ್ರಿ.ಶ. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಸಭಾಸ್ಥಳಗಳನ್ನು ಕೆಡವಿ ಅವರ ಗ್ರಂಥಗಳನ್ನು ಸುಡಬೇಕೆಂದು ಆಜ್ಞೆ ಹೊರಡಿಸಿದ. ಆ ವರ್ಷ ಮೇ 19ರಂದು ಉತ್ತರ ಆಫ್ರಿಕಾದ ಸಿರ್ತಾ ಊರಿನಲ್ಲಿ, ಅಂದರೆ ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರದಲ್ಲಿ, ಅಧಿಕಾರಿಗಳು ಕ್ರೈಸ್ತರು ಸೇರುತ್ತಿದ್ದ ಮನೆಗೆ ನುಗ್ಗಿದರು. ಗುಮಾಸ್ತರು ಒಂದೊಂದೇ ವಸ್ತುವನ್ನು ಎಣಿಸಿ ಬರೆದುಕೊಂಡರು. 320ರಲ್ಲಿ ಒಂದು ವಿಚಾರಣೆಯಲ್ಲಿ ಆ ಪಟ್ಟಿಯನ್ನು ಓದಿ ಹೇಳಿದ್ದರಿಂದ ಅದು ನಮ್ಮ ಕೈಗೆ ಉಳಿದಿದೆ. ಎರಡು ಚಿನ್ನದ ಬಟ್ಟಲು, ಆರು ಬೆಳ್ಳಿ ಬಟ್ಟಲು, ಬೆಳ್ಳಿ ದೀಪಗಳು, ಕಂಚಿನ ದೀಪಗಳು. ಇಷ್ಟು ಯಾವ ಸಭೆಯಲ್ಲಾದರೂ ಇರಬಹುದು. ಆಮೇಲೆ ಬರುತ್ತದೆ ನೋಡಿ: ಹೆಂಗಸರ ಅಂಗಿ 82, ತಲೆಗೆ ಹೊದೆಯುವ ಬಟ್ಟೆ 38, ಗಂಡಸರ ಅಂಗಿ 16, ಗಂಡಸರ ಚಪ್ಪಲಿ 13 ಜೊತೆ, ಹೆಂಗಸರ ಚಪ್ಪಲಿ 47 ಜೊತೆ. ಊಟದ ಕೋಣೆಯಲ್ಲಿ ನಾಲ್ಕು ದೊಡ್ಡ ಹಂಡೆ, ಆರು ಜಾಡಿ.

82 ಹೆಂಗಸರ ಅಂಗಿ! ಅವು ಸಭಾಪಾಲಕರು ಆರಾಧನೆಗೆ ಹಾಕುವ ನಿಲುವಂಗಿಗಳಲ್ಲ. ಬಡವರಿಗೆ, ಅದರಲ್ಲೂ ವಿಧವೆಯರಿಗೆ, ಕೊಡಲು ಇಟ್ಟಿದ್ದ ಬಟ್ಟೆ ಎಂದೇ ಚರಿತ್ರೆಕಾರರು ಇದನ್ನು ಓದುತ್ತಾರೆ. ಸಿರ್ತಾದವರೇನೂ ದೊಡ್ಡ ವೀರರಲ್ಲ. ಗ್ರಂಥ ಇಟ್ಟುಕೊಂಡವರ ಹೆಸರು ಹೇಳಿ ಎಂದಾಗ ಇಬ್ಬರು "ನಾವು ದ್ರೋಹಿಗಳಲ್ಲ, ಬೇಕಾದರೆ ನಮ್ಮನ್ನು ಕೊಲ್ಲಿಸಿ" ಅಂದರು, ನಿಜ. ಆದರೆ ಸಾಮಾನನ್ನೆಲ್ಲ ತೆಗೆದು ಒಪ್ಪಿಸಿದರು. ನಮ್ಮ ನಿಮ್ಮ ಹಾಗೆ ಹೆದರುವ ಜನ. ಅಂಥ ಸಾಧಾರಣ ಸಭೆಯ ಉಗ್ರಾಣದಲ್ಲೂ ಅಷ್ಟು ಬಟ್ಟೆ ಇತ್ತು.

ಇವತ್ತು ಯಾರಾದರೂ ನಮ್ಮ ಚರ್ಚಿಗೆ ಬಂದು ಹೀಗೇ ಪಟ್ಟಿ ಮಾಡಿದರೆ ಏನೇನು ಸಿಗಬಹುದು? ಸ್ಪೀಕರುಗಳು, ಮಿಕ್ಸರ್, ಕೀಬೋರ್ಡು, ಎಲ್‌ಇಡಿ ಪರದೆ, ಪ್ಲಾಸ್ಟಿಕ್ ಕುರ್ಚಿಗಳು, ದಾನಿಗಳ ಹೆಸರು ಬರೆದ ಫ್ಯಾನುಗಳು. ಇದರಲ್ಲಿ ಯಾವುದೂ ಪಾಪವಲ್ಲ, ಜನ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಒಬ್ಬ ವಿಧವೆಗೆ ಸೇರಬೇಕಾದ ವಸ್ತು ಎಷ್ಟು ಸಿಗುತ್ತದೆ ಎಂದು ಕೇಳಿಕೊಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾಣಿಕೆಯ ವಿಷಯಕ್ಕೆ ಬರೋಣ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ವಿಶ್ವಾಸಿ ಭಾನುವಾರದ ಆರಾಧನೆ ಹೇಗೆ ನಡೆಯುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ಓದುತ್ತಾ ಹೋದರೆ ನಮ್ಮದೇ ಆರಾಧನೆ ಕಣ್ಮುಂದೆ ಬರುತ್ತದೆ. ಗ್ರಂಥ ವಾಚನ, ಪ್ರಸಂಗ, ಎಲ್ಲರೂ ಎದ್ದು ನಿಂತು ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಬರಲಾಗದವರ ಪಾಲನ್ನು ಸಭಾಸೇವಕರು ಅವರ ಮನೆಗೇ ತೆಗೆದುಕೊಂಡು ಹೋಗುತ್ತಿದ್ದರು. ಉಳ್ಳವರು ತಮಗೆ ಮನಸ್ಸು ಬಂದಷ್ಟು ಕೊಡುತ್ತಿದ್ದರು. ಆ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಮನೆಯಲ್ಲಿದ್ದವರಿಗೆ, ಊರಿಗೆ ಬಂದ ಪರದೇಶಿಗಳಿಗೆ ಹೋಗುತ್ತಿತ್ತು. ಆ ಪಟ್ಟಿಯಲ್ಲಿ ಕಟ್ಟಡ ಇಲ್ಲ.

ನಲವತ್ತು ವರ್ಷ ಕಳೆದ ಮೇಲೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಹೇಳಿದ್ದೂ ಇದನ್ನೇ, ಇನ್ನೂ ಬಿಡಿಸಿ. ತಿಂಗಳಿಗೊಮ್ಮೆ ಕಾಣಿಕೆ. ಇಷ್ಟವಿದ್ದರೆ, ಕೈಲಾದರೆ ಮಾತ್ರ. ಬಲವಂತ ಇಲ್ಲ. ಆ ಹಣ ಬಡವರ ಊಟಕ್ಕೆ, ಬಡವರ ಹೆಣ ಮಣ್ಣು ಮಾಡೋದಕ್ಕೆ, ತಂದೆತಾಯಿ ಇಲ್ಲದ ಮಕ್ಕಳಿಗೆ, ವಯಸ್ಸಾಗಿ ಮನೆಯಲ್ಲೇ ಉಳಿದ ದಾಸರಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ, ನಂಬಿಕೆಯ ಕಾರಣಕ್ಕೆ ಗಣಿಗಳಿಗೆ ಅಟ್ಟಲ್ಪಟ್ಟವರಿಗೆ. ಸುಮಾರು 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ತನ್ನ ಸಭೆಯ ಲೆಕ್ಕ ಕೊಡುತ್ತಾನೆ: 46 ಹಿರಿಯರು, 7 ಸಭಾಸೇವಕರು, ಹೀಗೆ ಸೇವೆಯವರ ಸಂಖ್ಯೆ ಹೇಳಿ, ಸಭೆ ಸಾಕುತ್ತಿರುವ ವಿಧವೆಯರು ಮತ್ತು ಕಷ್ಟದಲ್ಲಿರುವವರು 1500ಕ್ಕೂ ಜಾಸ್ತಿ ಅನ್ನುತ್ತಾನೆ. ಸಭೆ ಎಷ್ಟು ದೊಡ್ಡದು ಎಂದು ಹೇಳಲು ಅವನು ಸೇವೆ ಮಾಡುವವರ ಜೊತೆಗೇ ಆ ವಿಧವೆಯರನ್ನೂ ಎಣಿಸಿದ.

ಎರಡನೇ ಶತಮಾನದ ಕ್ರೈಸ್ತ ಲೇಖಕ ಅರಿಸ್ತೀದೆಸ್ ಇನ್ನೊಂದು ವಿಷಯ ಹೇಳುತ್ತಾನೆ. ತಮ್ಮಲ್ಲಿ ಯಾರಿಗಾದರೂ ಊಟಕ್ಕಿಲ್ಲ, ಕೊಡೋಣ ಅಂದರೆ ತಮ್ಮ ಹತ್ತಿರವೂ ಹೆಚ್ಚಿಗೆ ಇಲ್ಲ ಅನ್ನುವಾಗ ಕ್ರೈಸ್ತರು ಎರಡು ಮೂರು ದಿನ ಉಪವಾಸ ಇದ್ದು ಉಳಿಸಿದ್ದನ್ನು ಕೊಡುತ್ತಿದ್ದರಂತೆ. ಈಸ್ಟರಿಗೆ ಮುಂಚಿನ ಲೆಂಟ್ ಕಾಲದಲ್ಲಿ ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಉಪವಾಸ ಇದೆ. ಆ ಬಿಟ್ಟ ಊಟದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಇದನ್ನಂತೂ ನಾಳೆಯೇ ಶುರು ಮಾಡಬಹುದು, ಯಾವ ಕಮಿಟಿಯ ಒಪ್ಪಿಗೆಯೂ ಬೇಡ.

ಹಾಗಂತ ಅದು ಚಿನ್ನದ ಕಾಲ ಅನ್ನುವುದು ಬೇಡ. ಅವರ ಮಧ್ಯೆ ದಾಸರನ್ನು ಇಟ್ಟುಕೊಂಡವರಿದ್ದರು, ಸಭೆ ಅದನ್ನು ನಿಲ್ಲಿಸಲಿಲ್ಲ. ಆಸ್ತಿ ಮಾರಿದ ಹಣದಲ್ಲಿ ಒಂದು ಪಾಲು ಮುಚ್ಚಿಟ್ಟ ಅನನೀಯ ಸಪ್ಫೈರ ದಂಪತಿಯ ಸುಳ್ಳು ಅವರ ಕಥೆಯ ಮೊದಲ ಪುಟಗಳಲ್ಲೇ ಇದೆ. ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರಗಳಲ್ಲಿ ಅರ್ಧಕ್ಕರ್ಧ ಜಗಳ ಬಿಡಿಸಿದ್ದೇ. ಆದರೆ ನನಗೆ ಧೈರ್ಯ ಕೊಡುವುದು ಆ ಜಗಳಗಳೇ. ನಮ್ಮಲ್ಲಿ ಇರುವ ಜಗಳಗಳೂ ಅವೇ ಆಗಿರುವುದರಿಂದ ಅವರು ಹೇಗೆ ಬಗೆಹರಿಸಿಕೊಂಡರು ಎಂದು ನೋಡಬಹುದು.

ಗ್ರೀಸಿನ ಕೊರಿಂಥ ಊರಿನ ಸಭೆಯದ್ದು ಊಟದ ಜಗಳ. ಆಗ ಕರ್ತನ ಭೋಜನ ಅಂದರೆ ಒಂದು ಚೂರು ರೊಟ್ಟಿ ಮತ್ತು ಒಂದು ಗುಟುಕು ರಸ ಅಷ್ಟೇ ಆಗಿರಲಿಲ್ಲ, ಹೊಟ್ಟೆ ತುಂಬ ಊಟವೂ ಅದರ ಜೊತೆಗಿತ್ತು. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಸೇರುತ್ತಿದ್ದರು. ಉಳ್ಳವರು ತಮ್ಮ ಊಟ ತಾವೇ ಮೊದಲು ತಿಂದು ಮುಗಿಸುತ್ತಿದ್ದರು. ಇಲ್ಲದವರು, ಬಹುಶಃ ಕೆಲಸ ಮುಗಿಸಿ ತಡವಾಗಿ ಬಂದ ಕೂಲಿಯವರು ಮತ್ತು ದಾಸರು, ಹಸಿದು ಕೂರುತ್ತಿದ್ದರು. ಪೌಲ ಇದಕ್ಕೆ ಎಷ್ಟು ಸಿಟ್ಟಾಗುತ್ತಾನೆ ಅಂದರೆ, ನೀವು ಸೇರಿ ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದುಬಿಡುತ್ತಾನೆ. ಅವನು ಕೊಟ್ಟ ಪರಿಹಾರವೋ ತೀರಾ ಸರಳ: ಒಬ್ಬರಿಗಾಗಿ ಒಬ್ಬರು ಕಾಯಿರಿ.

ಈ 'ಕಾಯುವುದು' ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದೆ. ಭಾನುವಾರ ರಜೆ ಎಂಬುದು ಬಂದದ್ದೇ 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾನೂನಿನಿಂದ. ಅದಕ್ಕೆ ಮುಂಚಿನ ಬಹುತೇಕ ಕ್ರೈಸ್ತರು ಭಾನುವಾರ ಕೆಲಸಕ್ಕೆ ಹೋಗುತ್ತಿದ್ದವರು. ಸುಮಾರು 112ರಲ್ಲಿ ಈಗಿನ ಟರ್ಕಿಯ ಉತ್ತರ ಭಾಗಕ್ಕೆ ರಾಜ್ಯಪಾಲನಾಗಿದ್ದ ಪ್ಲಿನಿ ಚಕ್ರವರ್ತಿಗೆ ಬರೆಯುತ್ತಾನೆ: ಇವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರಿ ಕ್ರಿಸ್ತನಿಗೆ ಹಾಡುತ್ತಾರೆ, ಆಮೇಲೆ ಚದುರಿ, ಮತ್ತೆ ಊಟಕ್ಕೆ ಸೇರುತ್ತಾರೆ. (ಅವನು ವಿಷಯ ತಿಳಿಯಲು ಚಿತ್ರಹಿಂಸೆ ಕೊಟ್ಟದ್ದು ಇಬ್ಬರು ದಾಸಿಯರಿಗೆ. ಅವರು ಸಭೆಯ ಸೇವಕಿಯರು ಎಂದು ಅವನೇ ಬರೆದಿದ್ದಾನೆ. ಸಭೆಯಲ್ಲಿ ಹೆಂಗಸರಿಗೆ ಏನು ಸ್ಥಾನ ಎಂದು ಇನ್ನೂ ಚರ್ಚೆ ಮಾಡುವವರು ಇದನ್ನು ಓದಬೇಕು.) ದುಡಿಯುವವರಿಗೆ ಬಿಡುವಿದ್ದ ಹೊತ್ತು ಅಂದರೆ ಅದೇ, ಕತ್ತಲೆ ಇರುವಾಗ.

ಈಗ ಬೆಂಗಳೂರಿನ ಒಂದು ಭಾನುವಾರ ನೋಡಿ. ಬೆಳಗ್ಗೆ ಎಂಟೂವರೆಗೆ ಆರಾಧನೆ. ಆ ಹೊತ್ತಿಗೆ ಮನೆಗೆಲಸಕ್ಕೆ ಹೋಗುವ ಅಕ್ಕಂದಿರು ಯಾರದೋ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಸೆಕ್ಯೂರಿಟಿಯವರು ಗೇಟಿನಲ್ಲಿರುತ್ತಾರೆ, ನರ್ಸುಗಳು ಡ್ಯೂಟಿಯಲ್ಲಿ, ಡೆಲಿವರಿ ಹುಡುಗರು ಗಾಡಿಯ ಮೇಲೆ. ಇವರೆಲ್ಲ ನಮ್ಮ ಸಭೆಯವರೇ, ರಿಜಿಸ್ಟರಿನಲ್ಲಿ ಹೆಸರಿದೆ, ಕ್ರಿಸ್‌ಮಸ್ಸಿಗೆ ಬರುತ್ತಾರೆ. "ಅವರು ಸರಿಯಾಗಿ ಬರಲ್ಲ" ಎಂದು ದೂರುವವರನ್ನು ಕೇಳಿದ್ದೇನೆ. ಸಂಜೆ ಏಳಕ್ಕೆ ಇನ್ನೊಂದು ಆರಾಧನೆ ಇಟ್ಟು, ಮುಗಿದ ಮೇಲೆ ಅನ್ನ ಸಾರು ಹಾಕಿದರೆ ಅವರು ಬರುತ್ತಾರೆ. ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ, ಅಡುಗೆಗೆ ನಾಲ್ಕು ಮನೆಯವರು ಒಪ್ಪಿದರೆ ಸಾಕು.

ಇನ್ನೊಂದು ಜಗಳ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದ್ದು. ಇದು ನಮಗೆ ಇನ್ನೂ ಹತ್ತಿರ, ಯಾಕಂದರೆ ಇದು ಭಾಷೆಯ ಜಗಳ. ಯೆರೂಸಲೇಮಿನಲ್ಲಿ ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ಯೆಹೂದ್ಯರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗೊಣಗಾಟ ಶುರುವಾಯಿತು. ಊರಿನವರು, ಹೊರಗಿನಿಂದ ಬಂದವರು ಎಂಬ ಭೇದ. ಅಪೊಸ್ತಲರು ಆ ದೂರನ್ನು ತಳ್ಳಿಹಾಕಲಿಲ್ಲ, ದೂರಿದವರಿಗೆ ಪ್ರೀತಿಯ ಪಾಠವನ್ನೂ ಹೇಳಲಿಲ್ಲ. ಏಳು ಜನರನ್ನು ಆರಿಸಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳಕ್ಕೆ ಏಳೂ ಗ್ರೀಕ್ ಹೆಸರು! ಅಂದರೆ ಯಾರ ಕಡೆಯ ವಿಧವೆಯರಿಗೆ ಅನ್ಯಾಯವಾಗಿತ್ತೋ, ಬಹುಮಟ್ಟಿಗೆ ಅವರ ಕಡೆಯವರ ಕೈಗೇ ಇಡೀ ಸಭೆಯ ಊಟದ ಜವಾಬ್ದಾರಿ ಹೋಯಿತು.

ಇದು ನಮ್ಮಲ್ಲಿ ಆಗುತ್ತದಾ? ಕನ್ನಡದವರು, ತಮಿಳಿನವರು, ತೆಲುಗಿನವರು ಎಂದು ಚರ್ಚುಗಳಲ್ಲಿ ಎಷ್ಟು ಜಗಳ ನಡೆದಿದೆ ಎಂದು ಎಲ್ಲರಿಗೂ ಗೊತ್ತು. ಈಗ ಈಶಾನ್ಯ ರಾಜ್ಯಗಳಿಂದ, ಜಾರ್ಖಂಡಿನಿಂದ, ಒಡಿಶಾದಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ. ಅದಕ್ಕಿಂತ ಹಳೆಯದು ಜಾತಿ. ದೀಕ್ಷಾಸ್ನಾನ ಆಗಿ ನಾಲ್ಕು ತಲೆಮಾರು ಕಳೆದರೂ ಮದುವೆಯ ಮಾತು ಬಂದಾಗ "ಅವರ ಮೂಲ ಯಾವುದು" ಎಂದು ಪಿಸುಗುಡುತ್ತೇವೆ. ಕಮಿಟಿ ಚುನಾವಣೆಯಲ್ಲಿ ಒಂದೆರಡು ಮನೆತನದವರೇ ಸುತ್ತಿ ಸುತ್ತಿ ಬರುತ್ತಾರೆ. ಸಹಾಯ ನಿಧಿಯನ್ನು ಹಂಚುವವರು ಎಂದೂ ಸಹಾಯ ಬೇಡಿದವರಲ್ಲ. ಆರನೇ ಅಧ್ಯಾಯ ಸರಿಮಾಡಿದ್ದು ಇದನ್ನೇ.

ಮೂರನೇ ಶತಮಾನದ ಸಿರಿಯಾದಲ್ಲಿ ಬರೆದ ಸಭಾ ನಿಯಮಗಳ ಒಂದು ಗ್ರಂಥವಿದೆ, 'ದಿದಸ್ಕಾಲಿಯ' ಎಂದು. ಅದರಲ್ಲಿ ಬಿಷಪ್ಪನಿಗೆ ಹೇಳಿದ ಮಾತು ಇದು: ನೀನು ವಾಕ್ಯ ಹೇಳುತ್ತಿರುವಾಗ ದೊಡ್ಡ ಮನುಷ್ಯ ಯಾರಾದರೂ ಬಂದರೆ ಪ್ರಸಂಗ ನಿಲ್ಲಿಸಿ ಅವನಿಗೆ ಜಾಗ ಮಾಡಿಕೊಡಲು ಹೋಗಬೇಡ. ಆದರೆ ಬಡವರೋ ವಯಸ್ಸಾದವರೋ ಬಂದು ಅವರಿಗೆ ಜಾಗ ಇಲ್ಲದಿದ್ದರೆ ಮನಸಾರೆ ಜಾಗ ಮಾಡಿಕೊಡು, ಅದಕ್ಕೆ ನೀನೇ ನೆಲದ ಮೇಲೆ ಕೂರಬೇಕಾದರೂ ಸರಿ. ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಶಾಸಕರು ಬಂದರೆಂದು ಮಕ್ಕಳ ನಾಟಕವನ್ನು ಅರ್ಧಕ್ಕೆ ನಿಲ್ಲಿಸಿ ಹಾರ ಹಾಕುವ ನಮಗೆ ಇದು ಬೇಕು.

ಉಜ್ಜೀವನ ಕೂಟದ ಅತಿಥಿ ಪ್ರಸಂಗಿಗಳ ಬಗ್ಗೆಯೂ ಒಂದು ಮಾತು. 'ದಿದಖೆ' ಎಂಬ ತೀರಾ ಹಳೆಯ ಕೈಪಿಡಿ, ಊರೂರು ತಿರುಗುವ ಬೋಧಕರಿಗೆ ನಿಯಮ ಹಾಕಿತ್ತು. ಒಂದು ದಿನ ಇರಲಿ, ಬೇಕಾದರೆ ಎರಡು. ಮೂರು ದಿನ ಕೂತರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆದರೆ ಬೇರೆ ಬಡವರಿಗಾಗಿ ಕೇಳಿದರೆ ಅವನನ್ನು ಯಾರೂ ದೂಷಿಸಬಾರದು. ಈ ಕೊನೆಯ ಸಾಲು ಎಷ್ಟು ನ್ಯಾಯವಾಗಿದೆ ನೋಡಿ.

ಸುಗ್ಗಿ ಹಬ್ಬದ ನಂತರ ನಮ್ಮ ಸರ್ವಸದಸ್ಯರ ಸಭೆ ಇದೆ. ಮೂರು ವಿಷಯ ಬರೆದು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ. ಹಬ್ಬದ ಹರಾಜಿನಲ್ಲಿ ಬಂದ ಹಣದಲ್ಲಿ ಅರ್ಧ ಕಟ್ಟಡ ನಿಧಿಗೆ ಹೋಗದೆ ನೇರವಾಗಿ ವಿಧವೆಯರಿಗೆ ಮತ್ತು ಕಾಯಿಲೆಯವರಿಗೆ ಹೋಗಲಿ. ತಿಂಗಳಿಗೊಂದು ಭಾನುವಾರವಾದರೂ ಸಂಜೆಯ ಆರಾಧನೆ ಮತ್ತು ಊಟ ಇರಲಿ. ಸಹಾಯ ನಿಧಿಯ ಸಮಿತಿಯಲ್ಲಿ, ಆ ನಿಧಿಯಿಂದ ಸಹಾಯ ಪಡೆದ ಇಬ್ಬರು ಹೆಂಗಸರು ಇರಲಿ. ಮೊದಲನೆಯದಕ್ಕೆ ವಿರೋಧ ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಮೂರನೆಯದಕ್ಕೆ. "ಅವರಿಗೆ ಲೆಕ್ಕ ಬರೆಯಲು ಬರುವುದಿಲ್ಲ" ಎಂದರು. ಲೆಕ್ಕ ಬರೆಯಲು ಬಿ.ಕಾಂ. ಓದಿದ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಯಾವ ಮನೆಗೆ ಈ ತಿಂಗಳು ರೇಷನ್ ಸಾಲಲಿಲ್ಲ, ಯಾರು ಬಿ.ಪಿ. ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ಮಾತ್ರ ಆ ಇಬ್ಬರಿಗೆ ಗೊತ್ತಿರುವಷ್ಟು ಕಮಿಟಿಯಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಅದನ್ನೇ ಆ ದಿನ ಎದ್ದು ನಿಂತು ಹೇಳುತ್ತೇನೆ. ನಮ್ಮ ಸಭೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅವತ್ತು ತಪ್ಪಿಸಬೇಡಿ, ಕೈ ಎತ್ತಲು ಜನ ಬೇಕು.